ಗ್ರಂಥವಿಚಾರ: ಮುಪ್ಪಿನ ಸೂರ್ಯ

ನಮ್ಮ ನಾಡಿನ ಹಳೆಯ ಶಾಸನಗಳನ್ನು ನೋಡಿದವರಿಗೆ ಒಂದು ಮಾತು ಪರಿಚಿತವಾಗಿಯೇ ಇರುವುದು. ಅರಸನಾಗಲಿ, ಊರಿನ ಮುಖ್ಯಸ್ಥನಾಗಲಿ, ದೇವಾಲಯಕ್ಕೋ ಕೆರೆಗೋ ಭೂಮಿಯನ್ನು ಬಿಟ್ಟುಕೊಡುವಾಗ, ಆ ದಾನವು ಎಷ್ಟು ಕಾಲ ನಡೆಯತಕ್ಕದ್ದೆಂಬುದನ್ನು ವರ್ಷಗಳಿಂದ ಅಳೆಯುತ್ತಿರಲಿಲ್ಲ. ಚಂದ್ರಸೂರ್ಯರು ಇರುವವರೆಗೆ ಎಂದು ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಆಚಂದ್ರಾರ್ಕವೆಂಬುದೇ ಆ ಮಾತು. ಅಕ್ಷರವನ್ನು ಅರಿಯದವರಿಗೂ ತಿಳಿಯಲೆಂದು ಕಲ್ಲಿನ ನೆತ್ತಿಯ ಮೇಲೆ ಸೂರ್ಯಚಂದ್ರರ ಗುರುತುಗಳನ್ನು ಕೆತ್ತಿಸುವುದೂ ಉಂಟು. ಮನುಷ್ಯನು ಸಾಯುವನು, ಮನೆತನವು ಅಳಿಯುವುದು, ರಾಜ್ಯವು ಕೈ ಬದಲಾಯಿಸುವುದು. ಸೂರ್ಯನೊಬ್ಬನು ಮಾತ್ರ ತಪ್ಪದೆ ಬರುವನು. ಶಾಶ್ವತವೆಂಬುದಕ್ಕೆ ನಮ್ಮ ಹಿರಿಯರ ಕೈಯಲ್ಲಿದ್ದ ಅಳತೆಗೋಲು ಅದೇ.

ಹಾಗಾದರೆ ಆ ಅಳತೆಗೋಲೇ ಸವೆಯತೊಡಗಿದರೆ ಏನು ಗತಿ? ಹಗಲು ಬರುತ್ತದೆ, ಆದರೆ ಪ್ರತಿ ತಲೆಮಾರಿನಲ್ಲಿಯೂ ಸ್ವಲ್ಪ ಮಂಕಾಗಿ ಬರುತ್ತದೆ. ಅಜ್ಜನು ಕಂಡ ಬಿಸಿಲನ್ನು ಮೊಮ್ಮಗನು ಕಾಣಲಾರನು. ಹೀಗೊಂದು ಲೋಕವಿದ್ದರೆ ಅಲ್ಲಿಯ ಜನರು ಯಾವ ಭರವಸೆಯಿಂದ ಬಿತ್ತನೆ ಮಾಡುವರು, ಮಕ್ಕಳಿಗೆ ಏನನ್ನು ಕಲಿಸುವರು, ಯಾವ ಮಾತಿನ ಮೇಲೆ ಆಣೆಯಿಡುವರು? ಈ ಪ್ರಶ್ನೆಯನ್ನೇ ಹಿಡಿದು ಬರೆದ ಒಂದು ದೊಡ್ಡ ಕಥಾಮಾಲೆಯನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡಬೇಕೆಂದಿದ್ದೇವೆ.

ಅದರ ಹೆಸರು "ದಿ ಬುಕ್ ಆಫ್ ದಿ ನ್ಯೂ ಸನ್", ಎಂದರೆ "ನೂತನ ಸೂರ್ಯನ ಪುಸ್ತಕ". ಕರ್ತೃವು ಅಮೆರಿಕದ ಜೀನ್ ವುಲ್ಫ್ ಎಂಬವರು. ಇವರು 1931ರಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡರು. ವೃತ್ತಿಯಿಂದ ಯಂತ್ರಶಿಲ್ಪಿಗಳು, ಯೌವನದಲ್ಲಿ ಕೊರಿಯಾ ಯುದ್ಧಕ್ಕೆ ಹೋಗಿಬಂದವರು, ಪ್ರಿಂಗಲ್ಸ್ ಎಂಬ ಆಲೂಗೆಡ್ಡೆ ತಿಂಡಿಯನ್ನು ಬೇಯಿಸುವ ಯಂತ್ರದ ರಚನೆಯಲ್ಲಿ ಪಾಲುಗೊಂಡವರು, ಬಳಿಕ ಕಾರ್ಖಾನೆಗಳಿಗೆ ಸಂಬಂಧಪಟ್ಟ ಒಂದು ಪತ್ರಿಕೆಯ ಸಂಪಾದಕವರ್ಗದಲ್ಲಿದ್ದವರು. ಮತದಿಂದ ರೋಮನ್ ಕ್ಯಾಥೊಲಿಕರು. ಈ ಮಾಲೆಯ ನಾಲ್ಕು ಸಂಪುಟಗಳು 1980ರಿಂದ 1983ರ ವರೆಗೆ ಪ್ರಕಟವಾದವು; ಕಥೆಯನ್ನು ಪೂರ್ಣಗೊಳಿಸುವ ಐದನೆಯ ಗ್ರಂಥವು 1987ರಲ್ಲಿ ಹೊರಬಂದಿತು. ವಿಜ್ಞಾನವೂ ಅದ್ಭುತವೂ ಒಂದರೊಳಗೊಂದು ಬೆರೆತಿರುವ ಕಾರಣ ಇಂಥ ಕಥೆಗಳನ್ನು ವಿಜ್ಞಾನಾದ್ಭುತವೆಂದು ಕರೆಯಬಹುದು.

ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ಕಾಲವು ಎಣಿಕೆಗೆ ಸಿಕ್ಕದಷ್ಟು ಮುಂದಿನದು. ಭೂಮಿಯ ಹೆಸರು ಅರ್ಥ್ ಎಂದಾಗಿದೆ. ಸೂರ್ಯನು ಕೆಂಪಾಗಿ, ಮಂಕಾಗಿ, ಮುದುಕನಾಗಿದ್ದಾನೆ. ನೆಸಸ್ ಎಂಬ ಮಹಾನಗರದ ಕೋಟೆಯಲ್ಲಿ ಚಿತ್ರಹಿಂಸೆಯನ್ನೇ ಕಸುಬಾಗಿ ಉಳ್ಳ ಒಂದು ಸಂಘವಿದೆ. ಆ ಸಂಘದಲ್ಲಿ ಬೆಳೆದ ಅನಾಥ ಬಾಲಕನಾದ ಸೆವೇರಿಯನ್ ಎಂಬವನೇ ಕಥಾನಾಯಕನು. ತನಗೆ ಮರೆವೆಂಬುದೇ ಇಲ್ಲವೆಂದು ಹೇಳಿಕೊಳ್ಳುತ್ತ ಅವನು ತನ್ನ ಕಥೆಯನ್ನು ತಾನೇ ಬರೆಯುತ್ತಾನೆ. ಸೆರೆಯಲ್ಲಿದ್ದ ಥೆಕ್ಲಾ ಎಂಬ ಕುಲೀನ ಸ್ತ್ರೀಗೆ ಪುಸ್ತಕಗಳನ್ನು ತಂದುಕೊಡುತ್ತ ಅವಳಲ್ಲಿ ಅನುರಕ್ತನಾಗುತ್ತಾನೆ. ಅವಳನ್ನು ಹಿಂಸೆಗೆ ಗುರಿಮಾಡಿದ ದಿನ, ಆ ಯಾತನೆಯನ್ನು ಕಾಣಲಾರದೆ, ಪ್ರಾಣವನ್ನು ತಾನೇ ಕಳೆದುಕೊಳ್ಳಲೆಂದು ಒಂದು ಕತ್ತಿಯನ್ನು ಅವಳಿಗೆ ಒದಗಿಸುತ್ತಾನೆ. ಸಂಘದ ಕಟ್ಟಳೆಯಲ್ಲಿ ದಯೆಯೇ ಅಪರಾಧವಷ್ಟೆ. ಅದಕ್ಕಾಗಿ ಅವನನ್ನು ದೂರದ ಥ್ರ್ಯಾಕ್ಸ್ ಎಂಬ ಊರಿಗೆ ಅಟ್ಟಿಬಿಡುತ್ತಾರೆ. ಆ ಪ್ರಯಾಣದಲ್ಲಿ, ಹಿಂದೊಮ್ಮೆ ಭೂಮಿಯಲ್ಲಿ ಸಂಚರಿಸಿದನೆಂದು ಜನರು ನಂಬುವ ಸಂಧಾನಕರ್ತನೆಂಬ ಮಹಾಪುರುಷನ ರತ್ನವೊಂದು ಅವನ ಕೈಸೇರುತ್ತದೆ. ರೋಗಿಗಳು ಗುಣವಾಗುತ್ತಾರೆ, ಸತ್ತವರು ಏಳುತ್ತಾರೆ. ಕೆಲವು ಸಲ ಏನೂ ಆಗುವುದಿಲ್ಲ. ಕೊನೆಗೆ ಆ ಹಿಂಸಕನೇ ದೇಶಕ್ಕೆ ದೊರೆಯಾಗಿ, ನೂತನ ಸೂರ್ಯನನ್ನು ಬೇಡಲು ಮನುಷ್ಯಕುಲದ ಪರವಾಗಿ ಪರಲೋಕದ ನ್ಯಾಯಾಸನದ ಮುಂದೆ ನಿಲ್ಲಬೇಕಾಗುತ್ತದೆ.

ಈ ಲೋಕದ ವರ್ಣನೆಯಲ್ಲಿ ಗ್ರಂಥಕರ್ತನ ಜಾಣ್ಮೆಯು ಸಣ್ಣ ಸಣ್ಣ ವಿವರಗಳಲ್ಲಿದೆ. ಅಲ್ಲಿಯವರು ಸೂರ್ಯನು ಮುಳುಗಿದನೆಂದು ಹೇಳುವುದಿಲ್ಲ. ಭೂಮಿಯ ಅಂಚು ಮೇಲೆದ್ದು ಸೂರ್ಯನನ್ನು ಮರೆಮಾಡಿತೆಂದು ಹೇಳುತ್ತಾರೆ. ಚಂದ್ರನು ಹಸುರಾಗಿದ್ದಾನೆ, ಯಾವುದೋ ಕಾಲದ ಜನರು ಅಲ್ಲಿ ಕಾಡನ್ನು ಬೆಳೆಸಿದ್ದಾರೆ. ಕೋಟೆಯ ಬುರುಜುಗಳೆಂದು ಎಲ್ಲರೂ ತಿಳಿದಿರುವುವು ಪುರಾತನ ಆಕಾಶನೌಕೆಗಳ ಒಡಲುಗಳು. ಒಂದೆಡೆ ಚಿತ್ರಗಳ ಧೂಳನ್ನು ಒರಸುವ ಮುದುಕನೊಬ್ಬನು ಸೆವೇರಿಯನ್ನನಿಗೆ ಒಂದು ಪಟವನ್ನು ತೋರಿಸುತ್ತಾನೆ: ಮರುಭೂಮಿಯಲ್ಲಿ ಒಬ್ಬ ಕವಚಧಾರಿಯು ನಿಂತಿದ್ದಾನೆ, ಮುಖಕ್ಕೆ ಬಂಗಾರದ ಮುಸುಕು, ಕೈಯಲ್ಲಿ ಆಯುಧವಿಲ್ಲ, ಗಾಳಿಗೆ ಆಡದೆ ಸೆಟೆದು ನಿಂತ ಧ್ವಜವಿದೆ. ಬಾಲಕನಿಗೆ ಅದಾವ ವೀರನೋ ತಿಳಿಯದು. 1969ರಲ್ಲಿ ಚಂದ್ರನ ಮೇಲೆ ಇಳಿದವರ ಪಟಗಳನ್ನು ಕಂಡ ನಮಗೆ ಮಾತ್ರ ಎದೆ ಝಲ್ಲೆನ್ನುವುದು. ಮನುಷ್ಯನ ಅತ್ಯುನ್ನತ ಸಾಹಸವು ಅಲ್ಲಿ ಹೆಸರು ಮರೆತ ಹಳೆಯ ಪಟವಾಗಿದೆ.

ಇನ್ನು ಈ ಮುಪ್ಪಿನ ಸೂರ್ಯನಿಗೆ ಅರ್ಥವೇನು? ಇದರಲ್ಲಿ ವಾಚಕರು ಒಮ್ಮತದಿಂದಿಲ್ಲ. ಮೂರು ಬಗೆಯ ವ್ಯಾಖ್ಯಾನಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ವಿಜ್ಞಾನದ ವ್ಯಾಖ್ಯಾನ. ಸೂರ್ಯನು ಒಂದು ದಿನ ಆರುವನೆಂಬ ಭಯವು ಪಶ್ಚಿಮದ ಸಾಹಿತ್ಯಕ್ಕೆ ಹೊಸದಲ್ಲ. 1815ರಲ್ಲಿ ತಂಬೋರಾ ಜ್ವಾಲಾಮುಖಿಯು ಸಿಡಿದು, ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬಾರದೆ ಹೋದಾಗ, ಬೈರನ್ ಕವಿಯು ಬೆಳಕು ನಂದಿದ ಲೋಕವನ್ನು ಕುರಿತು ಕವನವನ್ನು ಬರೆದನು. ಆದರೆ ಆ ಭಯಕ್ಕೆ ಲೆಕ್ಕದ ಬಲ ಬಂದುದು 1862ರಲ್ಲಿ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದ ವಿಲಿಯಂ ಥಾಮ್ಸನ್ನರು ಆ ವರ್ಷ ಮ್ಯಾಕ್ಮಿಲನ್ಸ್ ಮ್ಯಾಗಜೀನ್ ಎಂಬ ಮಾಸಪತ್ರಿಕೆಯಲ್ಲಿ ಸೂರ್ಯನ ವಯಸ್ಸನ್ನು ಕುರಿತು ಒಂದು ಲೇಖನವನ್ನು ಬರೆದರು. ಸೂರ್ಯನು ತನ್ನ ಭಾರದಿಂದಲೇ ಕುಗ್ಗುತ್ತ ಶಾಖವನ್ನು ಹೊರಸೂಸುವನೆಂದು ಅವರ ಮತ. ಆ ಪ್ರಕಾರ ಅವನು ಭೂಮಿಯನ್ನು ಬೆಳಗಿದ್ದು ಬಹುಶಃ 10 ಕೋಟಿ ವರ್ಷಗಳಿಗಿಂತ ಹೆಚ್ಚಲ್ಲ; ಇನ್ನು ಮುಂದಕ್ಕೂ ಆ ಬೆಳಕನ್ನು ಬಹುಕಾಲ ನೆಚ್ಚಿಕೊಳ್ಳುವಂತಿಲ್ಲ. ಬೇರೆ ಯಾವುದಾದರೂ ಆಕರವು ಸೃಷ್ಟಿಯ ಭಂಡಾರದಲ್ಲಿ ಅಡಗಿದ್ದರೆ ಆ ಮಾತು ಬೇರೆ, ಎಂದೂ ಅವರು ಎಚ್ಚರಿಕೆಯಿಂದ ಸೇರಿಸಿದ್ದರು. 1895ರಲ್ಲಿ ವೆಲ್ಸ್ ಬರೆದ "ದಿ ಟೈಮ್ ಮೆಷೀನ್" ಎಂಬ ಕಥೆಯ ಕೊನೆಯಲ್ಲಿ, ಕಾಲಯಾತ್ರಿಕನು ಮೂರು ಕೋಟಿ ವರ್ಷಗಳಾಚೆ ಒಂದು ಸಮುದ್ರತೀರದಲ್ಲಿ ನಿಂತು, ಕೊರೆಯುವ ಚಳಿಯಲ್ಲಿ, ಅಲುಗಾಡದ ಕೆಂಪು ಸೂರ್ಯನನ್ನು ನೋಡುತ್ತಾನೆ. ಅದು ಕೆಲ್ವಿನ್ನರ ಯುಗದ ವಿಜ್ಞಾನವೇ ಕಥೆಯಾದ ಬಗೆ. 1912ರಲ್ಲಿ ಹಾಡ್ಜ್‌ಸನ್ ಎಂಬವರು ಸೂರ್ಯನೇ ಇಲ್ಲದ ಕತ್ತಲೆಯ ಭೂಮಿಯನ್ನು ಚಿತ್ರಿಸಿದರು. 1950ರಲ್ಲಿ ಜ್ಯಾಕ್ ವ್ಯಾನ್ಸ್ "ದಿ ಡೈಯಿಂಗ್ ಅರ್ಥ್" ಎಂಬ ಪುಸ್ತಕದಲ್ಲಿ, ಇಂದೋ ನಾಳೆಯೋ ಎಂಬಂತಿರುವ ಸೂರ್ಯನ ಕೆಳಗೆ ಮಂತ್ರವಾದಿಗಳನ್ನೂ ಠಕ್ಕರನ್ನೂ ಕುಣಿಸಿದರು. ವುಲ್ಫರು ವ್ಯಾನ್ಸರ ಋಣವನ್ನು ತಾವೇ ಒಪ್ಪಿಕೊಂಡಿದ್ದಾರೆ.

ಆದರೆ ಕೆಲ್ವಿನ್ನರು ಬಾಗಿಲು ತೆರೆದಿಟ್ಟಿದ್ದ ಆ "ಬೇರೆ ಆಕರ"ವು ನಿಜವಾಗಿಯೂ ಇದ್ದಿತು. 1920ರಲ್ಲಿ ಎಡಿಂಗ್ಟನ್ನರು, ಜಲಜನಕವು ಹೀಲಿಯಂ ಆಗಿ ಮಾರ್ಪಡುವುದರಿಂದ ನಕ್ಷತ್ರಗಳು ಉರಿಯಬಹುದೆಂದು ಸೂಚಿಸಿದರು. ಅದೇ ವರ್ಷ ನಮ್ಮ ದೇಶದ ಮೇಘನಾದ ಸಾಹಾರವರು ಪ್ರಕಟಿಸಿದ ಸಮೀಕರಣವನ್ನು ಆಧಾರವಾಗಿಟ್ಟುಕೊಂಡು, 1925ರಲ್ಲಿ ಸಿಸಿಲಿಯಾ ಪೇನ್ ಎಂಬ ವಿದುಷಿಯು ನಕ್ಷತ್ರಗಳಲ್ಲಿ ಜಲಜನಕವೇ ಅತ್ಯಧಿಕವೆಂಬುದನ್ನು ಲೆಕ್ಕದಿಂದ ತೋರಿಸಿದಳು. 1939ರಲ್ಲಿ ಹಾನ್ಸ್ ಬೇಥೆಯವರು ಆ ಮಾರ್ಪಾಟಿನ ಕ್ರಮವನ್ನು ವಿವರಿಸಿದರು. ಈಗ ತಿಳಿದಿರುವಂತೆ ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷಗಳು. ಪ್ರತಿ ಸೆಕೆಂಡಿಗೆ 60 ಕೋಟಿ ಟನ್ನುಗಳಷ್ಟು ಜಲಜನಕವು ಅವನ ಗರ್ಭದಲ್ಲಿ ಹೀಲಿಯಂ ಆಗುತ್ತಲಿದೆ. ಆದರೂ ಇನ್ನು ಸುಮಾರು 500 ಕೋಟಿ ವರ್ಷಗಳಿಗೆ ಸಾಲುವಷ್ಟು ದಾಸ್ತಾನು ಅವನಲ್ಲಿದೆ. ಅಷ್ಟೇ ಅಲ್ಲ, ವಯಸ್ಸಾದಂತೆ ಅವನು ತಣ್ಣಗಾಗುವುದಿಲ್ಲ, 100 ಕೋಟಿ ವರ್ಷಗಳಿಗೆ ನೂರಕ್ಕೆ ಹತ್ತರಂತೆ ಹೆಚ್ಚು ಪ್ರಕಾಶಮಾನನಾಗುತ್ತಾನೆ. ಭೂಮಿಗೆ ಅವನಿಂದ ಅಪಾಯವಿದ್ದರೆ ಅದು ಚಳಿಯಿಂದಲ್ಲ, ಸಮುದ್ರಗಳನ್ನು ಬತ್ತಿಸುವ ಶಾಖದಿಂದ. ನಮ್ಮ ಪುರಾಣಗಳ ಪ್ರಳಯದಲ್ಲಿಯೂ ಏಳು ಸೂರ್ಯರು ಉದಯಿಸಿ ಲೋಕವನ್ನು ಸುಡುವರೇ ಹೊರತು ಸೂರ್ಯನು ಮಂಕಾಗುವುದಿಲ್ಲ. ಪುರಾಣವು ವಿಜ್ಞಾನವನ್ನು ಮೊದಲೇ ಹೇಳಿತ್ತೆಂದು ಇದರಿಂದ ಬೀಗುವುದು ಸರಿಯಲ್ಲ. ಅಂತ್ಯವನ್ನು ಚಳಿಯಾಗಿಯೇ ಕಲ್ಪಿಸಬೇಕೆಂಬ ನಿಯಮವೇನೂ ಇಲ್ಲವೆಂಬುದಷ್ಟೇ ಇದರಿಂದ ತಿಳಿಯತಕ್ಕದ್ದು.

1980ರಲ್ಲಿ ಬರೆಯುತ್ತಿದ್ದ ಯಂತ್ರಶಿಲ್ಪಿಗೆ ಇದು ತಿಳಿಯದ ಸಂಗತಿಯಲ್ಲ. ಆದಕಾರಣವೇ ವುಲ್ಫರು ತಮ್ಮ ಸೂರ್ಯನ ಮಂಕಿಗೆ ಬೇರೊಂದು ಕಾರಣವನ್ನು ಇಟ್ಟಿದ್ದಾರೆ. ಅಲ್ಲಿ ಸೂರ್ಯನು ಸಹಜವಾದ ಮುಪ್ಪಿನಿಂದ ಸಾಯುತ್ತಿಲ್ಲ. ಅವನ ಹೃದಯದಲ್ಲಿ ಒಂದು ಕೃಷ್ಣರಂಧ್ರವು ನೆಲಸಿ, ಹಣ್ಣಿನೊಳಗಿನ ಹುಳುವಿನಂತೆ ಅವನನ್ನು ಒಳಗಿನಿಂದ ತಿನ್ನುತ್ತಿದೆ. ಈ ವ್ಯತ್ಯಾಸವು ಸಣ್ಣದಲ್ಲ. ಮುಪ್ಪಿಗೆ ಮದ್ದಿಲ್ಲ, ರೋಗಕ್ಕೆ ಉಂಟು. ಮುಪ್ಪಿನ ಮುಂದೆ ಮನುಷ್ಯನು ಸುಮ್ಮನೆ ಕೈಮುಗಿಯಬಹುದು. ರೋಗಿಯ ಮುಂದೆ ಹಾಗೆ ಕುಳಿತರೆ ಅದು ಕರ್ತವ್ಯಲೋಪ. ಸೂರ್ಯನನ್ನು ಮುದುಕನೆಂದು ಜನರು ಹೇಳಿಕೊಳ್ಳುತ್ತಿರುವರು. ಕಥೆಯು ಮಾತ್ರ ಅವನು ರೋಗಿಯೆಂದು ಮೆಲ್ಲಮೆಲ್ಲನೆ ತೋರಿಸಿಕೊಡುತ್ತದೆ.

ಎರಡನೆಯದು ಚರಿತ್ರೆಯ ವ್ಯಾಖ್ಯಾನ. ಮಂಕಾದ ಸೂರ್ಯನೆಂದರೆ ಮಂಕಾದ ನಾಗರಿಕತೆಯೆಂದು ಕೆಲವರು ಅರ್ಥಮಾಡುತ್ತಾರೆ. ಇದಕ್ಕೆ ಆಧಾರವು ಹೇರಳವಾಗಿದೆ. ಒಂದು ಕಾಲಕ್ಕೆ ನಕ್ಷತ್ರಗಳವರೆಗೆ ಹಬ್ಬಿದ್ದ ಮನುಷ್ಯರು ಈಗ ಹಡಗಿನ ಒಡಲನ್ನು ಸೆರೆಮನೆಯನ್ನಾಗಿ ಮಾಡಿಕೊಂಡಿದ್ದಾರೆ. ಯಾವ ಕಸುಬು ಏತಕ್ಕಾಗಿ ಹುಟ್ಟಿತೆಂಬುದು ಮರೆತುಹೋಗಿ, ಕಸುಬಿನ ಕಟ್ಟಳೆ ಮಾತ್ರ ಉಳಿದಿದೆ. ಹಿಂಸಕರ ಸಂಘದಲ್ಲಿ ಕ್ರೂರಿಗಳಿಗಿಂತ ಕರ್ತವ್ಯನಿಷ್ಠರೇ ಹೆಚ್ಚು. ಅವರು ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವರು, ಹಬ್ಬವನ್ನು ಆಚರಿಸುವರು, ಶಿಷ್ಯರನ್ನು ಪ್ರೀತಿಯಿಂದ ಬೆಳೆಸುವರು. ಯಾರಿಗೆ ಏಕೆ ಹಿಂಸೆಯೆಂದು ಮಾತ್ರ ಕೇಳರು. ಈ ಚಿತ್ರವು ನಮ್ಮ ಮನೆಗಳಿಗೂ ಅಷ್ಟೇನೂ ದೂರದ್ದಲ್ಲವೆಂದು ತೋರುತ್ತದೆ. ಹಿಂದಿನಿಂದ ಬಂದುದೆಂಬ ಒಂದೇ ಕಾರಣಕ್ಕಾಗಿ ಎಷ್ಟು ಕಠಿಣವಾದ ನಡವಳಿಕೆಗಳು, ಒಳ್ಳೆಯ ಮನಸ್ಸಿನವರ ಕೈಯಿಂದಲೇ, ಅಚ್ಚುಕಟ್ಟಾಗಿ ನಡೆದುಬಂದಿಲ್ಲ! ಬೆಳಕು ಕಡಮೆಯಾದುದರ ಮೊದಲ ಲಕ್ಷಣವು ಕತ್ತಲೆಯಲ್ಲ; ಇರುವಷ್ಟು ಬೆಳಕೇ ಸಾಕೆಂಬ ಅಭ್ಯಾಸ.

ಆದರೂ ಈ ವ್ಯಾಖ್ಯಾನವು ಪೂರ್ಣವಲ್ಲ. ನಾಗರಿಕತೆಯ ಅವನತಿಯನ್ನು ಹೇಳುವುದಷ್ಟೇ ಉದ್ದೇಶವಾಗಿದ್ದರೆ ಕಥೆಯು ವ್ಯಾನ್ಸರ ಹಾದಿಯಲ್ಲಿಯೇ ಮುಗಿಯುತ್ತಿತ್ತು. ವ್ಯಾನ್ಸರ ಜನರಿಗೆ ನಾಳೆಯ ಚಿಂತೆಯಿಲ್ಲ. ದೀಪ ಆರುವ ಮೊದಲು ಉಣ್ಣುವುದನ್ನು ಉಂಡು, ಕದಿಯುವುದನ್ನು ಕದ್ದು ಮುಗಿಸುವರು. ಆ ವಿನೋದಕ್ಕೆ ತನ್ನದೇ ಆದ ಸೊಗಸುಂಟು. ವುಲ್ಫರ ಜನರಾದರೋ ಕಾಯುತ್ತಿದ್ದಾರೆ. ನೂತನ ಸೂರ್ಯನು ಬರುವನೆಂದು ಬೀದಿಯ ನಾಟಕಗಳಲ್ಲಿ ಆಡುವರು, ಮಠಗಳಲ್ಲಿ ಪ್ರಾರ್ಥಿಸುವರು, ಹೆಂಗಸರು ಮಕ್ಕಳಿಗೆ ಹೇಳುವರು. ಕಾಯುವವನ ಕತ್ತಲೆಗೂ ಕಾಯದವನ ಕತ್ತಲೆಗೂ ಭೇದವಿದೆ.

ಮೂರನೆಯದು ಮತದ ವ್ಯಾಖ್ಯಾನ. ಇಂಗ್ಲಿಷಿನಲ್ಲಿ ಸನ್ ಎಂಬ ಒಂದೇ ಉಚ್ಚಾರಣೆಗೆ ಸೂರ್ಯನೆಂದೂ ಮಗನೆಂದೂ ಅರ್ಥವಾಗುವುದು. ಕ್ರೈಸ್ತರು ಯೇಸುವನ್ನು ಧರ್ಮಸೂರ್ಯನೆಂದು ಕರೆಯುವುದೂ ಹಳೆಯ ವಾಡಿಕೆ. ಆದುದರಿಂದ ನೂತನ ಸೂರ್ಯನೆಂದರೆ ದೇವಕುಮಾರನ ಪುನರಾಗಮನವೆಂದು ಅನೇಕರು ತಿಳಿಯುತ್ತಾರೆ. ರೋಗಿಗಳನ್ನು ಗುಣಪಡಿಸಿ ಸತ್ತವರನ್ನು ಎಬ್ಬಿಸುವ ನಾಯಕನನ್ನು ನೋಡಿದಾಗ ಹಾಗೆನ್ನಿಸುವುದು ಸಹಜವೇ. ಆದರೆ ಸೆವೇರಿಯನ್ನನು ಕ್ರಿಸ್ತನ ಪ್ರತಿರೂಪನಲ್ಲ, ಕ್ರೈಸ್ತನಾಗಲು ಹೆಣಗುವ ಒಬ್ಬ ಮನುಷ್ಯನೆಂಬ ಅಭಿಪ್ರಾಯವನ್ನು ವುಲ್ಫರೇ ಕೊಟ್ಟಿದ್ದಾರೆ. ಈ ಮಾತು ಬಹಳ ಉಪಯುಕ್ತವಾದುದು. ಕೈಯಲ್ಲಿ ಖಡ್ಗವನ್ನು ಹಿಡಿದು ತಲೆಗಳನ್ನು ಕಡಿದವನು ಅವತಾರಪುರುಷನಾಗಲಾರನು. ಆದರೆ ಅಂಥವನೂ ದಾರಿಯನ್ನು ಬದಲಾಯಿಸಬಲ್ಲನು.

ಇಲ್ಲಿ ಒಂದು ಪ್ರಸಂಗವನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಪವಾಡಗಳನ್ನು ನಡೆಸುತ್ತಿದ್ದ ಆ ರತ್ನವು ಒಂದು ಯುದ್ಧದಲ್ಲಿ ಒಡೆದುಹೋಗುತ್ತದೆ. ಚೂರುಗಳ ನಡುವೆ ಸಿಕ್ಕುವುದು ಒಂದು ಸಾಮಾನ್ಯವಾದ ಮುಳ್ಳು. ಬಹುದಿನಗಳ ಮೇಲೆ ಸಮುದ್ರತೀರದಲ್ಲಿ ನಡೆಯುವಾಗ ಅವನು ಒಂದು ಪೊದೆಯಲ್ಲಿ ಅದೇ ಬಗೆಯ ಮುಳ್ಳನ್ನು ಕಾಣುತ್ತಾನೆ. ಆಗ ಅವನಿಗೆ ಹೊಳೆಯುತ್ತದೆ: ದೈವಶಕ್ತಿಯು ಒಂದು ಮುಳ್ಳಿನಲ್ಲಿ ಇದ್ದುದಾದರೆ ಎಲ್ಲ ಮುಳ್ಳುಗಳಲ್ಲಿಯೂ, ಕಾಲ ಕೆಳಗಿನ ಮರಳಿನಲ್ಲಿಯೂ ಏಕಿರಬಾರದು? ಪವಿತ್ರವಲ್ಲದ ನೆಲವೇ ಇಲ್ಲವೆಂದು ತಿಳಿದು ಅವನು ತನ್ನ ಪಾದರಕ್ಷೆಗಳನ್ನು ಕಳಚಿ ಎಸೆಯುತ್ತಾನೆ. ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ನಮಗೆ ಈ ಕ್ರಿಯೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಕು ಆಕಾಶದಲ್ಲಿ ಕ್ಷೀಣಿಸುತ್ತಿರುವ ಲೋಕದಲ್ಲಿ ಅವನಿಗೆ ಬೆಳಕು ಸಿಕ್ಕಿದ್ದು ನೆಲದಲ್ಲಿ.

ಈ ಮೂರು ವ್ಯಾಖ್ಯಾನಗಳಲ್ಲಿಯೂ ಸತ್ಯಾಂಶವುಂಟು; ಆದರೆ ಕಥೆಯ ನಿಜವಾದ ತೂಕವು ಬೇರೊಂದು ಕಡೆಯಲ್ಲಿದೆಯೆಂದು ನಮ್ಮ ಅಭಿಪ್ರಾಯ. ಅದನ್ನು ತಿಳಿಯಲು ಇಬ್ಬರು ಸಣ್ಣ ಪಾತ್ರಗಳನ್ನು ನೆನೆಯಬೇಕು. ಇಬ್ಬರೂ ಮುಂದಿನ ಕಾಲದಿಂದ ಬಂದವರು. ಒಬ್ಬನು ಆ್ಯಶ್ ಎಂಬ ವೃದ್ಧ ಏಕಾಂತವಾಸಿ. ಅವನ ಮನೆಯ ಮೇಲಂತಸ್ತಿನ ಕಿಟಕಿಯಿಂದ ನೋಡಿದರೆ ಭೂಮಿಯೆಲ್ಲವೂ ಹಿಮಗಡ್ಡೆಯಡಿ ಮುಚ್ಚಿಹೋಗಿರುವುದು ಕಾಣುತ್ತದೆ. ಸೂರ್ಯನು ಆರಿದ ಲೋಕದ ಕೊನೆಯ ಪ್ರತಿನಿಧಿ ಅವನು. ಇನ್ನೊಬ್ಬನು ಹಸುರು ಮೈಯ ಮನುಷ್ಯ. ಗಿಡದ ಎಲೆಯಂತೆ ಬಿಸಿಲನ್ನೇ ಉಂಡು ಬದುಕುವವನು. ಎಂದರೆ ಬಿಸಿಲು ಸಮೃದ್ಧವಾಗಿರುವ ಕಾಲದವನು. ಅವನನ್ನು ಒಂದು ಊರಿನ ಜಾತ್ರೆಯಲ್ಲಿ ಸರಪಣಿಯಿಂದ ಕಟ್ಟಿ, ಕತ್ತಲೆಯ ಡೇರೆಯೊಳಗಿಟ್ಟು, ಕಾಸು ತೆಗೆದುಕೊಂಡು ಜನರಿಗೆ ತೋರಿಸುತ್ತಿರುತ್ತಾರೆ. ಬರತಕ್ಕ ಸುಭಿಕ್ಷಕಾಲದ ಪ್ರತಿನಿಧಿಯು ಹಸಿದು ಕುಳಿತಿದ್ದಾನೆ. ನೋಡುವವರಿಗೆ ಅವನೊಂದು ವಿನೋದದ ವಸ್ತು. ಸೆವೇರಿಯನ್ನನು ತನ್ನ ಖಡ್ಗವನ್ನು ಮಸೆಯುವ ಸಾಣೆಕಲ್ಲನ್ನು ಎರಡಾಗಿ ಮಾಡಿ, ಸರಪಣಿಯನ್ನು ತೇಯ್ದುಕೊಳ್ಳಲೆಂದು ಒಂದು ತುಂಡನ್ನು ಅವನಿಗೆ ಕೊಟ್ಟುಹೋಗುತ್ತಾನೆ.

ಮುಂದೆ ಆ ವೃದ್ಧನು ಸೆವೇರಿಯನ್ನನ ಜತೆಯಲ್ಲಿ ಮನೆಯಿಂದ ಹೊರಗೆ ನಡೆದು ಬರುವಾಗ ಹಿಮದಂತೆ ಕರಗಿ ಇಲ್ಲವಾಗುತ್ತಾನೆ. ಹಸುರು ಮನುಷ್ಯನು ಬಿಡುಗಡೆ ಹೊಂದಿ, ತಾನು ಪಡೆದ ಉಪಕಾರವನ್ನು ಕಾಲಾಂತರದಲ್ಲಿ ತೀರಿಸುತ್ತಾನೆ. ಇವೆರಡೂ ಭವಿಷ್ಯತ್ತುಗಳು ಏಕಕಾಲದಲ್ಲಿ ಸಾಧ್ಯವಾಗಿದ್ದವೆಂಬುದೇ ಇಲ್ಲಿಯ ತತ್ತ್ವ. ಯಾವುದು ನಿಜವಾಗುವುದೆಂಬುದು ಆಕಾಶದಲ್ಲಿ ಬರೆದಿಟ್ಟ ಲಿಪಿಯಲ್ಲ. ಒಬ್ಬ ಹಿಂಸಕನು ಒಂದು ಕಲ್ಲಿನ ತುಂಡನ್ನು ಕೊಟ್ಟನೋ ಇಲ್ಲವೋ, ಒಬ್ಬ ಹೆಂಗಸಿನ ನೋವನ್ನು ಕಂಡು ಕಟ್ಟಳೆಯನ್ನು ಮುರಿದನೋ ಇಲ್ಲವೋ, ಇಂಥ ಸಂಗತಿಗಳಿಂದ ಆ ತೂಕವು ಈಚೆಗೋ ಆಚೆಗೋ ವಾಲುತ್ತದೆ.

ಇಷ್ಟರಲ್ಲಿಯೇ ಕಥೆಯು ಮುಗಿದಿದ್ದರೆ ಅದೊಂದು ಸುಖಾಂತವಾದ ನೀತಿಕಥೆಯಾಗುತ್ತಿತ್ತು. ಐದನೆಯ ಗ್ರಂಥವು ಹಾಗೆ ಬಿಡುವುದಿಲ್ಲ. ನಾಯಕನು ಪರೀಕ್ಷೆಯಲ್ಲಿ ಗೆಲ್ಲುತ್ತಾನೆ. ಬೆಳಕಿನ ಬಿಳಿಯ ಚಿಲುಮೆಯೊಂದು ಆಕಾಶದಾಳದಿಂದ ಹೊರಟು ಬಂದು ಹಳೆಯ ಸೂರ್ಯನನ್ನು ನೂತನಗೊಳಿಸುತ್ತದೆ. ಆದರೆ ಆ ಆಗಮನದ ರಭಸಕ್ಕೆ ಸಮುದ್ರಗಳು ಉಕ್ಕಿ, ಭೂಮಿಯನ್ನು ಮುಳುಗಿಸಿ, ಅಸಂಖ್ಯಾತ ಜನರು ನೀರುಪಾಲಾಗುತ್ತಾರೆ. ಯಾರು ತಲೆತಲಾಂತರದಿಂದ ನೂತನ ಸೂರ್ಯನಿಗಾಗಿ ಪ್ರಾರ್ಥಿಸಿದರೋ ಅವರ ಮಕ್ಕಳೇ ಅವನ ಉದಯವನ್ನು ಕಾಣದೆ ಹೋಗುತ್ತಾರೆ. ಪ್ರಳಯದ ಬಳಿಕ ಉಳಿದ ಭೂಮಿಗೆ ಗ್ರಂಥಕರ್ತರು ಇಟ್ಟ ಹೆಸರು ನಮ್ಮ ವಾಚಕರನ್ನು ಬೆರಗುಗೊಳಿಸೀತು. ಆ ಹೆಸರು ಉಷಸ್.

ಉಷಸ್ಸೆಂಬುದು ವೇದದ ಪ್ರಾತರ್ದೇವತೆಯ ಹೆಸರು. ಋಗ್ವೇದದಲ್ಲಿ ಸುಮಾರು ಇಪ್ಪತ್ತು ಸೂಕ್ತಗಳು ಇವಳ ಸ್ತುತಿಗೆ ಮೀಸಲಾಗಿವೆ. ಇವಳು ಕತ್ತಲೆಯ ಬಾಗಿಲನ್ನು ತೆರೆಯುವಳು. ಮಲಗಿದವರನ್ನು ಎಬ್ಬಿಸಿ, ಒಬ್ಬೊಬ್ಬರನ್ನು ಅವರವರ ಕೆಲಸಕ್ಕೆ ಕಳುಹಿಸುವಳು. ಎಷ್ಟು ಪುರಾತನಳೋ ಅಷ್ಟೇ ಯುವತಿ. ಆದರೆ ಋಷಿಗಳು ಇವಳ ಇನ್ನೊಂದು ಮುಖವನ್ನೂ ಮರೆಯಲಿಲ್ಲ. ತಾನು ನಿತ್ಯವೂ ಹೊಸದಾಗಿ ಹುಟ್ಟುತ್ತ, ಮರ್ತ್ಯರ ಆಯುಸ್ಸನ್ನು ದಿನದಿನವೂ ಸವೆಯಿಸುವವಳು ಇವಳೇ ಎಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಒಂದು ಬೆಳಗನ್ನು ಕೊಡುವವಳೂ ಇವಳೇ. ಒಂದು ದಿನವನ್ನು ಆಯುಸ್ಸಿನಿಂದ ಕಳೆಯುವವಳೂ ಇವಳೇ. ಅಮೆರಿಕದ ಕಥೆಗಾರನು ಆರಿಸಿದ ಆ ಒಂದು ಹೆಸರಿನೊಳಗೆ ಕಥೆಯ ಸಾರವೆಲ್ಲವೂ ಅಡಗಿದೆ. ಬೆಳಗಿಗೆ ಬೆಲೆಯುಂಟು.

ಹಾಗಾದರೆ ಆ ಪ್ರಳಯವು ನ್ಯಾಯವೇ? ಇದೇ ಈ ಕಥಾಮಾಲೆಯ ಹೃದಯದಲ್ಲಿರುವ ಪ್ರಶ್ನೆ. ಇದನ್ನು ತಪ್ಪಿಸಿಕೊಂಡು ಮಾಡಿದ ವ್ಯಾಖ್ಯಾನವು ವ್ಯಾಖ್ಯಾನವೇ ಅಲ್ಲ. ಹುಟ್ಟದಿರುವ ಕೋಟ್ಯಂತರ ಜನರಿಗಾಗಿ ಹುಟ್ಟಿರುವ ಜನರನ್ನು ಬಲಿಗೊಡಬಹುದೆ? ಕೊಡಬಹುದೆಂದು ಹಗುರವಾಗಿ ಹೇಳುವವನ ಬಾಯಿಗೆ ಹೆದರಬೇಕು. ಲೋಕಕಲ್ಯಾಣದ ಹೆಸರಿನಲ್ಲಿ ಕಳೆದ ಶತಮಾನದಲ್ಲಿ ಹರಿದ ರಕ್ತವು ಸ್ವಲ್ಪವಲ್ಲ. ಕೊಡಬಾರದೆಂದರೆ, ಸುಮ್ಮನೆ ಕುಳಿತು ಹಿಮಕ್ಕೆ ಮೊಮ್ಮಕ್ಕಳನ್ನು ಒಪ್ಪಿಸುವುದೂ ಬಲಿಯೇ. ವುಲ್ಫರು ತೀರ್ಪನ್ನು ಕೊಡುವುದಿಲ್ಲ. ಅವರು ಮಾಡಿದ್ದು ಇಷ್ಟೇ: ನಿರ್ಣಯದ ಭಾರವನ್ನು ಏನನ್ನೂ ಮರೆಯಲಾರದ ಒಬ್ಬನ ತಲೆಯ ಮೇಲೆ ಇರಿಸಿದರು. ಮುಳುಗಿದವರ ಮುಖಗಳನ್ನು ಅವನು ಎಂದೆಂದಿಗೂ ನೆನೆಯುತ್ತಿರಬೇಕು. ಇತರರ ಜೀವದ ಬೆಲೆಯಿಂದ ಒಳ್ಳೆಯದನ್ನು ತರಹೊರಟವನು ಕಡೆಗೆ ಮರೆಯುವ ಹಕ್ಕನ್ನಾದರೂ ಬಿಟ್ಟುಕೊಡಬೇಕೆಂಬುದು ನಮಗೆ ತೋರುವ ಅರ್ಥ. ಮರೆಯುವವನ ಕೈಯಲ್ಲಿ ಆ ಕಾರ್ಯವೇ ಪಾಪವಾಗುವುದು.

ಇದು ಬರೀ ಕಥೆಯೊಳಗಿನ ಚರ್ಚೆಯೆಂದು ಗೃಹಸ್ಥರು ಕೈಬಿಡಬೇಕಾಗಿಲ್ಲ. ಸಾಲವನ್ನು ಮಾಡಿ ಮಕ್ಕಳ ಹೆಗಲಿಗೆ ದಾಟಿಸುವವನೂ, ಹೊಟ್ಟೆಬಟ್ಟೆ ಕಟ್ಟಿ ಮಕ್ಕಳಿಗೆ ವಿದ್ಯೆ ಕೊಡಿಸುವವಳೂ, ಕೆರೆಯ ಹೂಳನ್ನು ಎತ್ತಿಸದೆ ಮುಂದಿನವರು ನೋಡಿಕೊಳ್ಳಲಿ ಎನ್ನುವ ಊರೂ, ನೆರಳನ್ನು ತಾವು ಕಾಣಲಾರೆವೆಂದು ತಿಳಿದೂ ಸಾಲುಮರಗಳನ್ನು ನೆಟ್ಟ ಊರೂ, ಎಲ್ಲರೂ ಇದೇ ಪ್ರಶ್ನೆಗೆ ತಮ್ಮ ತಮ್ಮ ಅಳತೆಯಲ್ಲಿ ಉತ್ತರ ಕೊಡುತ್ತಿದ್ದಾರೆ. ಹುಟ್ಟದಿರುವವರು ನಮ್ಮ ಬಾಗಿಲಿಗೆ ಬಂದು ಬೇಡಲಾರರು. ಬಂದರೂ ಆ ಹಸುರು ಮನುಷ್ಯನಂತೆ ನಮಗೆ ವಿಚಿತ್ರವಾಗಿಯೇ ಕಾಣುವರು. ಅವರ ಸರಪಣಿಗೆ ಒಂದು ಕಲ್ಲಿನ ತುಂಡನ್ನು ಕೊಡುವ ಮನಸ್ಸು ನಮಗುಂಟೇ?

ಓದುವವರಿಗೆ ಎರಡು ಮಾತು. ಈ ಗ್ರಂಥಗಳು ಎಳೆಯ ಮಕ್ಕಳಿಗೆ ತಕ್ಕವಲ್ಲ. ಹಿಂಸೆಯ ವರ್ಣನೆ ಅಲ್ಲಲ್ಲಿ ಕಠೋರವಾಗಿದೆ. ಬೆಳೆದ ಮಕ್ಕಳು ಹಿರಿಯರೊಡನೆ ಓದಿ ಚರ್ಚಿಸಬಹುದು. ಅಪರಿಚಿತವಾದ ಹಳೆಯ ಶಬ್ದಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಇನ್ನೂ ಹುಟ್ಟದಿರುವ ಭಾಷೆಯಿಂದ ತಾವು ಇದನ್ನು ಅನುವಾದ ಮಾಡಿರುವುದಾಗಿಯೂ, ಆ ಲೋಕದ ವಸ್ತುಗಳಿಗೆ ಹೋಲುವ ಹಳೆಯ ಪದಗಳನ್ನು ಹುಡುಕಿ ಇಟ್ಟಿರುವುದಾಗಿಯೂ ಗ್ರಂಥಕರ್ತರು ವಿನೋದದಿಂದ ಹೇಳಿಕೊಂಡಿದ್ದಾರೆ. ನಿಘಂಟಿಗೆ ಓಡದೆ, ಅರಿಯದ ಊರಿನ ಬೀದಿಯಲ್ಲಿ ನಡೆಯುವಂತೆ ಮೊದಲು ಓದಿ ಮುಗಿಸಿ, ಆಮೇಲೆ ಎರಡನೆಯ ಸಲ ಓದುವುದು ಒಳ್ಳೆಯದು. ನಾಯಕನು ತನಗೆ ಮರೆವಿಲ್ಲವೆನ್ನುತ್ತಾನೆ. ಆದರೆ ಎಲ್ಲವನ್ನೂ ಹೇಳುತ್ತೇನೆಂದು ಎಲ್ಲಿಯೂ ಒಪ್ಪಿಕೊಂಡಿಲ್ಲ. ಇದನ್ನು ನೆನಪಿನಲ್ಲಿಟ್ಟರೆ ಎರಡನೆಯ ಓದಿನಲ್ಲಿ ಎಷ್ಟೋ ಗಂಟುಗಳು ತಾವಾಗಿ ಬಿಚ್ಚಿಕೊಳ್ಳುವುವು.

ಮೊದಲಿಗೆ ನಾವು ಶಾಸನಗಳ ಮಾತನ್ನೆತ್ತಿದೆವಷ್ಟೆ. ಆಚಂದ್ರಾರ್ಕವೆಂದು ಬರೆಯಿಸಿದ ಹಿರಿಯರು ಅಷ್ಟಕ್ಕೇ ನಿಶ್ಚಿಂತರಾಗಿರಲಿಲ್ಲ. ಕಲ್ಲಿನ ಕೊನೆಯಲ್ಲಿ ಇನ್ನೊಂದು ಮಾತನ್ನೂ ಅನೇಕ ಸಲ ಕೊರೆಯಿಸುತ್ತಿದ್ದರು: ದಾನ ಮಾಡುವುದಕ್ಕಿಂತ, ಹಿಂದಿನವರು ಮಾಡಿದ ದಾನವನ್ನು ಕಾಪಾಡುವುದೇ ಮೇಲು ಎಂದು. ಸೂರ್ಯನು ತನ್ನ ಪಾಲಿನದನ್ನು ಇನ್ನೂ 500 ಕೋಟಿ ವರ್ಷಗಳ ಕಾಲ ನಡೆಯಿಸುವನು. ಅವನ ಮಾತಿನಲ್ಲಿ ನಮಗೆ ಸಂದೇಹವಿಲ್ಲ. ದಾನವು ಅಷ್ಟು ಕಾಲ ಉಳಿಯುವುದೋ ಇಲ್ಲವೋ ಎಂಬುದು ಮಾತ್ರ ಅವನ ಕೈಯಲ್ಲಿಲ್ಲ, ಕೆಳಗಿರುವವರ ಕೈಯಲ್ಲಿದೆ.